ಜಾರದ ಹಗ್ಗ

"ಮೂರೂ ಇಲ್ಲಿವೆ ನೋಡಮ್ಮ. ನಿನ್ನ ಜೀವ ಯಾವುದರ ಕೈಗೆ ಕೊಡ್ತೀಯೋ ನೀನೇ ಹೇಳು," ಎಂದು ಅಂಗಡಿ ಮಾಮ ಗಾಜಿನ ಮೇಜಿನ ಮೇಲೆ ಮರ ಹತ್ತುವವರ ಹಗ್ಗ ಬಿಗಿಯುವ ಮೂರು ಸಾಮಾನುಗಳನ್ನು ಸಾಲಾಗಿ ಇಟ್ಟ.

ಬಾವಲಿಯ ಹೆಂಡತಿ ಒಂದನ್ನೂ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನಿಂತೇ ಇದ್ದಳು.

ಕೊಂಬೆಗಳಲ್ಲಿ ತಲೆಕೆಳಗಾಗಿ ನೇತಾಡಿ ಕೆಲಸ ಮಾಡುತ್ತಿದ್ದ ಅವಳ ಗಂಡನಿಗೆ ಊರೆಲ್ಲ ಬಾವಲಿ ಎಂದೇ ಹೆಸರಿಟ್ಟಿತ್ತು. ಅವನು ಗಿರಣಿಯ ಮರದಿಂದ ಬಿದ್ದು ಸತ್ತು ಇನ್ನೂ ವಾರ ತುಂಬಿರಲಿಲ್ಲ. ಇವತ್ತು ಅದೇ ಮರವನ್ನು ಇವಳು ಹತ್ತಬೇಕು.

ಬಾಗಿಲ ಹತ್ತಿರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ ಇನ್‌ಸ್ಪೆಕ್ಟರಮ್ಮನಿಗೆ ತಡೆಯಲಾಗಲಿಲ್ಲ. "ಇವತ್ತೇ ಹತ್ತಬೇಕೇನಮ್ಮ? ಒಂದೆರಡು ದಿನ ತಡಕೊಂಡ್ರೆ ಆಗಲ್ವಾ?"

"ಕೊಂಬೆ ತಡಕೊಳ್ಳಬೇಕಲ್ಲ ಮೇಡಂ. ಅವರು ಅರ್ಧ ಕೊಯ್ದು ಬಿಟ್ಟಿದ್ದು, ಗಿರಣಿ ಬಾಗಿಲ ಮೇಲೇ ತೂಗ್ತಾ ಇದೆ. ಗಾಳಿ ಬೇರೆ ಎದ್ದಿದೆ. ಬೇರೆ ಯಾರೂ ಆ ಮರದ ಹತ್ರ ಸುಳಿಯಲ್ಲ ಅಂತಿದ್ದಾರೆ. ಅದು ಯಾರ ತಲೆ ಮೇಲಾದ್ರೂ ಬಿದ್ರೆ, ಆ ಪಾಪಾನೂ ಸತ್ತವರ ತಲೆಗೇ ಕಟ್ತಾರೆ."

ಈಗಾಗಲೇ ಕಟ್ಟಿದ್ದರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವ ಹಾಗೆ, ಬಾವಲಿ ತಪ್ಪು ಸಾಮಾನು ಆರಿಸಿಕೊಂಡು ಸತ್ತ, ಅತಿಬುದ್ಧಿವಂತಿಕೆ ಮಾಡಿಕೊಂಡು ಸತ್ತ ಎಂದು ಗಿರಣಿಯವರಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ಹೇಳಿಯಾಗಿತ್ತು. ಸಂಜೆಯೊಳಗೆ ಫೈಲು ಮುಚ್ಚಬೇಕೆಂದು ಸಾಹೇಬರು ಬೆಳಿಗ್ಗೆಯಿಂದ ಫೋನು ಬಿಡುತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಮಾತ್ರ ಫೈಲು ಮುಚ್ಚಲು ಕೈ ಬರುತ್ತಿಲ್ಲ. ಯಾಕೆಂದು ಕೇಳಿದರೆ ಹೇಳಲು ಅವಳಿಗೂ ಗೊತ್ತಿಲ್ಲ. ಮೈಮೇಲೆ ಇರುವೆ ಹರಿದಾಡಿದ ಹಾಗೆ ಏನೋ ಒಂದು ತಳಮಳ, ನಿಲ್ಲಲೂ ಬಿಡದು, ಕೂರಲೂ ಬಿಡದು.

"ಯಂತ್ರ ಬೇಡ ಮಾಮ," ಎಂದಳು ಬಾವಲಿಯ ಹೆಂಡತಿ. "ಇಷ್ಟು ವರ್ಷ ನಾನು ಹೊಲಿದ ಹುರಿ ಮೇಲೇ ನೇತಾಡಿದ ಮನುಷ್ಯ. ಯಂತ್ರ ಕಂಡ್ರೆ ನಗ್ತಿದ್ರು. ಅವತ್ತು ಯಾವ ಬುದ್ಧಿಗೆ ಅದನ್ನ ಹಾಕ್ಕೊಂಡು ಹೋದ್ರೋ! ನಂಗೂ ಒಂದು ಮಾತು ಹೇಳಲಿಲ್ಲ." ಅಳಲಿಲ್ಲ, ಮೂಗು ಒರೆಸಿಕೊಂಡಳು.

"ಹಾಗಾದ್ರೆ ನಿನ್ನ ಹಳೇ ಹುರೀನೇ ಇರಲಿ ಬಿಡು. ಹೊಸದಕ್ಕೆ ಹೋಗಿ ಯಾಕೆ ತಲೆನೋವು ತಂದ್ಕೋತೀಯ? ನಿನ್ನ ಹೊಲಿಗೆಗಿಂತ ಗಟ್ಟಿ ಇನ್ಯಾವುದಿದೆ?" ಎಂದು ಮಾಮ ಮೂರೂ ಸಾಮಾನುಗಳನ್ನು ತಾನೇ ಬಾಚಿ ಡ್ರಾಯರಿಗೆ ಹಾಕಿದ.

ಅವಳು ತಲೆಯಾಡಿಸಿ ಹೊರಟುಹೋದಳು. ಹೋಗುವಾಗ ಮಾಮನ ಕಾಲು ಮುಟ್ಟಿ ಹೋದಳು. ಮರ ಹತ್ತುವುದನ್ನು ಗಂಡ ಹೆಂಡತಿ ಇಬ್ಬರಿಗೂ ಕಲಿಸಿದವನು ಅವನೇ.

ಈಗ ಇನ್‌ಸ್ಪೆಕ್ಟರಮ್ಮ ಚೀಲದಿಂದ ಮೊಹರು ಹಾಕಿದ ಪ್ಲಾಸ್ಟಿಕ್ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟಳು. ಬಾವಲಿಯ ಮೈಮೇಲಿಂದ ಬಿಚ್ಚಿದ ಹಗ್ಗ, ಅದರ ಮೇಲೆ ಅಂಗೈ ಅಗಲದ ಲೋಹದ ಅಡ್ಜಸ್ಟರ್.

ಮಾಮ ಬಗ್ಗಿ ನೋಡಿದ. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದ. "ಅರೆ! ಊರವರು ಹೇಳಿದ್ದು ನಿಜಾನೇ ಹಾಗಾದ್ರೆ? ಈ ಯಂತ್ರ ಅವನ ಹಗ್ಗಕ್ಕೆ ಹೇಗೆ ಬಂತು?"

"ಅದನ್ನ ನಿಮ್ಮನ್ನ ಕೇಳೋಣ ಅಂತಲೇ ಬಂದೆ. ಪೊಲೀಸರಿಗೆ ಅರ್ಥ ಆಗೋ ಹಾಗೆ ಹೇಳಿ. ಅಂದ್ರೆ ದಡ್ಡರಿಗೆ ಹೇಳೋ ಹಾಗೆ."

ಮಾಮ ನಕ್ಕ. ಮರ ಹತ್ತುವವರಿಗೆ ಎರಡು ಹಗ್ಗ ಎಂದು ಶುರು ಮಾಡಿದ. ಉದ್ದದ್ದು ಮೇಲಿನ ಕವಲಿಗೆ ಹೋಗುತ್ತದೆ. ಗಿಡ್ಡದ್ದು ಸೊಂಟದ ಒಂದು ಪಕ್ಕದಿಂದ ಹೊರಟು ಕಾಂಡ ಬಳಸಿ ಇನ್ನೊಂದು ಪಕ್ಕಕ್ಕೆ ಬರುತ್ತದೆ, ಅದೇ ಲ್ಯಾನ್ಯಾರ್ಡ್. ಅದನ್ನು ಬೇಕಾದಷ್ಟು ಬಿಗಿ, ಬೇಕಾದಷ್ಟು ಸಡಿಲ ಮಾಡಿಕೊಳ್ಳಲು ಅಡ್ಜಸ್ಟರ್. ಕೆಲವರಿಗೆ ಯಂತ್ರ ಬೇಕು, ಕೆಲವರಿಗೆ ಎರಡೂ ತುದಿಗೆ ಕುಣಿಕೆ ಹೊಲಿದ ಗಿಡ್ಡ ಹುರಿಯ ಗಂಟೇ ಸಾಕು.

"ಉದ್ದ ಹಗ್ಗ ಬಿಚ್ಚಿ ಇನ್ನೂ ಮೇಲಿನ ಕವಲಿಗೆ ಎಸೀಬೇಕಲ್ಲ, ಆ ಗಳಿಗೆ ಇದೆ ನೋಡಿ, ಆಗ ಮನುಷ್ಯ ಪೂರ್ತಿ ಈ ಗಿಡ್ಡ ಹಗ್ಗದ ಮೇಲೇ ಇರ್ತಾನೆ. ಅದಕ್ಕೇ ಬಿಚ್ಚೋ ಮುಂಚೆ ಮೇಲಿಂದ 'ಬಿಡ್ಲಾ?' ಅಂತ ಕೂಗಬೇಕು. ಕೆಳಗಿರೋರು ಎಲ್ಲ ಕಣ್ಣಾಡಿಸಿ 'ಬಿಡು' ಅನ್ನಬೇಕು. ಅಲ್ಲೀವರೆಗೂ ಕೊಂಡಿ ಮುಟ್ಟೋ ಹಾಗಿಲ್ಲ. ಅವರಿಬ್ಬರಿಗೂ ನಾನೇ ಹೇಳಿಕೊಟ್ಟಿದ್ದು."

"ಬಾವಲಿ ಬಿದ್ದಿದ್ದೂ ಆ ಗಳಿಗೇಲೇ."

"ಹೂಂ. ಈ ಯಂತ್ರ ದಪ್ಪ ಹಗ್ಗಕ್ಕೆ ಮಾಡಿದ್ದು. ಅವನ ಹಗ್ಗ ಸಣ್ಣದು. ಅಪ್ಪನ ಚಪ್ಪಲಿ ಮಗ ಹಾಕ್ಕೊಂಡ ಹಾಗೆ. ಕಚ್ಚಲ್ಲ, ಜಾರುತ್ತೆ. ಪಾಪ, ತೂಕ ಬಿಟ್ಟ, ಸರ್ರಂತ ಜಾರಿದ."

"ಜಾರಿಸಿ ತೋರಿಸಿ."

"ಏನು?"

"ಇದೇ ತರದ್ದು ನಿಮ್ಮ ಹತ್ರ ಇದ್ಯಲ್ಲ? ಇದೇ ಸಣ್ಣ ಹಗ್ಗಾನೂ ಇದೆ. ನನ್ನ ಸೊಂಟಕ್ಕೆ ಕಟ್ಟಿ, ಆ ಕಂಬಕ್ಕೆ ಸುತ್ತಿ."

"ಬೇಡ ಮೇಡಂ, ಸೊಂಟ ಮುರ್ಕೊಂಡೀರಿ! ನಿಮ್ಮ ಇಲಾಖೆಯವರು ನನ್ನ ಅಂಗಡೀಗೆ ಬೀಗ ಹಾಕ್ತಾರೆ."

"ಇಲಾಖೆ ಬಂದು ಸೇರೋ ಹೊತ್ತಿಗೆ ಸೊಂಟ ತಾನೇ ಕೂಡಿರುತ್ತೆ. ಕಟ್ಟಿ."

ಅಂಗಡಿಯ ನಡುವೆ, ಗಿರಾಕಿಗಳು ಸೊಂಟಕ್ಕೆ ಬಿಗಿಯುವ ಹಾರ್ನೆಸ್ ಹಾಕಿ ನೋಡಲೆಂದೇ ನೆಟ್ಟ ದಿಮ್ಮಿಯೊಂದಿತ್ತು. ಒಳ್ಳೆಯ ಹತ್ತುವವರು ಯಾವ ಅಡ್ಜಸ್ಟರನ್ನೂ ಬರೀ ಕೈಯಲ್ಲಿ ಹಿಡಿದು ನೋಡಿ ಖರೀದಿಸುವುದಿಲ್ಲ. ಅದರಲ್ಲಿ ನೇತಾಡಿ, ಬಿಗಿದು, ಸಡಿಲಿಸಿ, ಮೊಣಕಾಲೆತ್ತರದಲ್ಲಿ ಹತ್ತಾರು ಸಲ ಒರಗಿ ನೋಡಿಯೇ ಕೊಳ್ಳುತ್ತಾರೆ. ಇನ್‌ಸ್ಪೆಕ್ಟರಮ್ಮ ಅದೇ ದಿಮ್ಮಿಗೆ ಕಾಲು ಕೊಟ್ಟು, ಉಸಿರು ಬಿಗಿ ಹಿಡಿದು, ಹಿಂದಕ್ಕೆ ಒರಗಿದಳು. ಅರೆಗಳಿಗೆ ಹಗ್ಗ ಹಿಡಿಯಿತು. ಆಮೇಲೆ ಸರ್ರನೆ ಜಾರಿ ಅವಳನ್ನು ನೆಲದ ಮೇಲೆ ಧೊಪ್ಪನೆ ಕೂರಿಸಿತು.

"ಅಯ್ಯಯ್ಯೋ! ಹೇಳಿದ್ನಲ್ಲ!" ಎಂದು ಮಾಮ ಕೈ ಕೊಡಲು ಬಂದ.

ಅವಳು ಕೈ ಹಿಡಿಯಲಿಲ್ಲ. ಕೂತಲ್ಲೇ ಹಗ್ಗವನ್ನು ಎಳೆದುಕೊಂಡು ಮೂಗಿಗೆ ಹಿಡಿದಳು. ಇಸ್ತ್ರಿ ಹೆಚ್ಚು ಹೊತ್ತು ಇಟ್ಟ ಬಟ್ಟೆಯ ವಾಸನೆ. ಜಾರಿದ ಉದ್ದಕ್ಕೂ ಹಗ್ಗದ ಮೇಲುನೂಲು ಕರಗಿ, ಬಸವನಹುಳು ಹರಿದು ಹೋದಂಥ ಹೊಳಪಿನ ಗೆರೆ ಬಿದ್ದಿತ್ತು.

ಕುಂಟುತ್ತ ಎದ್ದು ಮೇಜಿಗೆ ಹೋದಳು. ಬಾವಲಿಯ ಹಗ್ಗವನ್ನು ಲಕೋಟೆಯೊಳಗೇ ಹೊರಳಿಸಿ ಹೊರಳಿಸಿ ನೋಡಿದಳು. ಗೆರೆ ಇಲ್ಲ. ಈ ತುದಿಯಿಂದ ಆ ತುದಿಗೆ ಎಲ್ಲೂ ಇಲ್ಲ. ಒಂದು ಮೊಳ ಜಾಗದಲ್ಲಿ ಮಾತ್ರ ಹಗ್ಗ ಸುತ್ತುಸುತ್ತಾಗಿ ನುಣ್ಣಗೆ ಸವೆದಿತ್ತು, ವರ್ಷಗಟ್ಟಲೆ ಗಂಟು ಕೂತಿದ್ದ ಜಾಗ ಅದು.

"ಮಾಮ, ನಾನು ಒಂದು ಗೇಣು ಜಾರಿದ್ದಕ್ಕೇ ಹಗ್ಗ ಸುಟ್ಟಿದೆ. ಅವನು ಈ ಯಂತ್ರದಲ್ಲಿ ಜಾರಿ ಸತ್ತಿದ್ರೆ ಅವನ ಹಗ್ಗ ಯಾಕೆ ಸುಟ್ಟಿಲ್ಲ?"

ಮಾಮ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಬಗ್ಗಿದ.

"ಯಾಕಂದ್ರೆ ಈ ಯಂತ್ರ ಈ ಹಗ್ಗಾನ ಕಚ್ಚೇ ಇಲ್ಲ. ಅವನು ಬಿದ್ದ ಮೇಲೆ ಯಾರೋ ಇದನ್ನ ಹಾಕಿದ್ದಾರೆ."

ಮಾಮ ಲಕೋಟೆಯ ಸಮೇತ ಯಂತ್ರವನ್ನು ಬೆಳಕಿಗೆ ಹಿಡಿದ. ಹಿಡಿಕೆಯ ಮೇಲೆ ಏನನ್ನೋ ಕೆರೆದ ಗುರುತು. ಪಿನ್ನಿನ ಸಂದಿಯಲ್ಲಿ ಸಾಸಿವೆಯಷ್ಟು ನೀಲಿ ಉಳಿದಿತ್ತು. "ಅವರ ತಂಡದಲ್ಲಿ ಒಬ್ಬರ ಸಾಮಾನು ಒಬ್ಬರು ಮುಟ್ಟಲ್ಲ ಮೇಡಂ. ಉಗುರು ಬಣ್ಣ ಹಚ್ಚಿ ಗುರುತು ಮಾಡ್ಕೋತಾರೆ. ಬಾವಲಿಗೆ ಕೆಂಪು, ಅವನ ಹೆಂಡತಿಗೆ ಹಳದಿ. ನೀಲಿ ಮೇಸ್ತ್ರೀದು. ನನ್ನ ಹತ್ರಾನೇ ತಗೊಂಡಿದ್ದು."

ಮೇಸ್ತ್ರಿ ಎಂದರೆ ಬಾವಲಿಯ ಹೆಂಡತಿಯ ಒಡಹುಟ್ಟಿದ ಅಣ್ಣ. ತಂಡ ಕಟ್ಟಿದವನು. ಬಾವಲಿ ಬಿದ್ದಾಗ ಮೊದಲು ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವನು.

"ಹಾಗಾದ್ರೆ ಅವನ ಹುರಿ ಎಲ್ಲಿ ಮೇಡಂ?" ಎಂದ ಮಾಮ. ಅವಳು ಲಕೋಟೆ ಚೀಲಕ್ಕೆ ತುರುಕುತ್ತಿರುವಾಗ ಮತ್ತೆ ಕೇಳಿದ. "ಆ ಹುರಿ ಸಿಕ್ತಾ ನಿಮಗೆ?"

ಒಳ್ಳೆಯ ಪ್ರಶ್ನೆ ಎಂದುಕೊಂಡು ಅವಳು ಜೀಪಿಗೆ ಓಡಿದಳು.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಇದಕ್ಕೂ ಇದೇ ಹೊತ್ತು ಬೇಕಿತ್ತೇ! ಅವಳು ಜೀಪಿನಿಂದ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಹಗ್ಗ ತುಂಬಿದ ಬುಟ್ಟಿಯ ಸ್ಕೂಟರೊಂದು ಲಾರಿಗಳ ಸಂದಿಯಲ್ಲಿ ನುಸುಳಿ, ಮೇಲುಸೇತುವೆಯ ಓಣಿಗೆ ತಿರುಗಿ ಮಾಯವಾದದ್ದನ್ನು ಕಂಡು ಹೊಟ್ಟೆಕಿಚ್ಚಾಯಿತು. ಸಾಹೇಬರ ಫೋನು ಬಂತು.

"ಏನಮ್ಮ, ಮುಚ್ಚಿದ್ಯಾ?"

"ಸ್ವಲ್ಪ ತೆರೆದುಕೊಂಡಿದೆ ಸಾರ್," ಎಂದು ಫೋನನ್ನೇ ಮುಚ್ಚಿದಳು.

ಗಿರಣಿಯ ಅಂಗಳದಲ್ಲಿ ಕೊಂಬೆ ಪುಡಿ ಮಾಡುವ ಯಂತ್ರ ಕಿವಿ ಹರಿಯುವ ಹಾಗೆ ಅರಚುತ್ತಿತ್ತು. ಮರದ ಮೇಲೆ ಎಲೆಗಳ ನಡುವೆ ಹಳದಿ ಹೆಲ್ಮೆಟ್ಟು ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ಆಗಲೇ ಅರ್ಧಕ್ಕೂ ಮೇಲೆ ಹೋಗಿದ್ದಳು ಬಾವಲಿಯ ಹೆಂಡತಿ. ಮೇಸ್ತ್ರಿ ಒಬ್ಬನೇ ಯಂತ್ರಕ್ಕೆ ರೆಂಬೆ ತುರುಕುತ್ತಿದ್ದ. ಇನ್‌ಸ್ಪೆಕ್ಟರಮ್ಮ ಅವನ ತೋಳು ಹಿಡಿದು ಲಾರಿಯ ಕ್ಯಾಬಿನ್ನಿಗೆ ಎಳೆದುಕೊಂಡು ಹೋಗಿ ಬಾಗಿಲು ಎಳೆದಳು. ಆಗ ಮಾತು ಕೇಳಿಸುವಷ್ಟಾಯಿತು.

"ನಿಮ್ಮ ಲ್ಯಾನ್ಯಾರ್ಡ್ ತೋರಿಸಿ."

"ಯಾಕೆ ಮೇಡಂ?" ಎನ್ನುವಾಗಲೇ ಅವನ ಕೈ ಸೀಟಿನ ಹಿಂದಿನ ಚೀಲವನ್ನು ಮುಚ್ಚಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇನ್ನೂ ಇದ್ದಾರಲ್ಲ ಎಂದು ಅವಳಿಗೆ ಒಂದು ಕ್ಷಣ ಪಾಪ ಎನಿಸಿತು.

"ಚೀಲದಲ್ಲಿ ದಪ್ಪ ಹಗ್ಗ ಇದೆ. ಅದರ ಮೇಲೆ ಯಂತ್ರ ಇರಲ್ಲ. ಯಾಕಂದ್ರೆ ಅದು ನನ್ನ ಹತ್ರ ಇದೆ. ನೀಲಿ ಬಣ್ಣ ಕೆರೆದಿದ್ದೀರಿ, ಸಂದೀಲಿ ಉಳಿದುಬಿಟ್ಟಿದೆ."

"ಕಳೆದುಹೋಗಿತ್ತು ಮೇಡಂ. ಭಾವ ತಗೊಂಡಿರಬೇಕು..."

"ಒಬ್ಬರದ್ದು ಒಬ್ಬರು ಮುಟ್ಟದ ತಂಡದಲ್ಲಿ?"

ಮೇಸ್ತ್ರಿ ಎದುರಿನ ಗಾಜನ್ನು ನೋಡುತ್ತ ಕೂತ. ಗಟ್ಟಿಮುಟ್ಟಾದ ಆಳು, ಕತ್ತಿನ ನರ ಉಬ್ಬಿತ್ತು.

"ತಂಗಿಯ ಗಂಡನ್ನ ಯಾಕೆ ಕೊಂದ್ರಿ?"

"ಬಿಡ್ತು ಅನ್ನಿ!" ಎಂದು ಅವನು ತಿರುಗಿದ ರಭಸಕ್ಕೆ ಅವಳು ಬಾಗಿಲಿಗೆ ಒತ್ತಿಕೊಂಡಳು. "ನಾನು ಕೊಲ್ಲೋದಾ? ಅವನು ನಂಗೆ ತಮ್ಮನಿಗಿಂತ ಹೆಚ್ಚಾಗಿದ್ದ!"

"ಹಾಗಾದ್ರೆ ಹೇಳಿ. ಈಗಲೇ. ಇಲ್ಲಾಂದ್ರೆ ನಿಮ್ಮ ತಂಗಿ ಕೆಳಗಿಳಿದಾಗ ನಿಮ್ಮ ಕೈಲಿ ಬೇಡಿ ನೋಡ್ತಾಳೆ."

ತಂಗಿಯ ಮಾತು ಬಂದದ್ದೇ ಅವನು ಕುಸಿದ. ಶರಟಿನ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದ. ಒಳಗೆ ಕನ್ನಡಕ ಇರಲಿಲ್ಲ. ಕೆಂಪು ಗುರುತಿನ ಹುರಿಯೊಂದು ಸುರುಳಿ ಸುತ್ತಿಕೊಂಡಿತ್ತು. ಅದರ ಒಂದು ತುದಿಯ ಕುಣಿಕೆ ಗಟ್ಟಿಯಾಗಿತ್ತು. ಇನ್ನೊಂದು ಬಾಯಿ ಬಿಟ್ಟಿತ್ತು.

"ಓಡಿಬಂದು ನೋಡ್ತೀನಿ, ಉಸಿರು ಹೋಗಿದೆ. ಹುರಿ ಬಿಚ್ಚಿ ನೇತಾಡ್ತಾ ಇದೆ. ಅವಳು ಹೊಲಿದ ಕುಣಿಕೆ ಮೇಡಂ! ತನ್ನ ಹೊಲಿಗೆ ಬಿಟ್ಟುಕೊಂಡು ಗಂಡ ಸತ್ತ ಅಂತ ಗೊತ್ತಾದ್ರೆ ಅವಳು ಒಂದು ದಿನ ಬದುಕಿರ್ತಾಳಾ? ಸತ್ತವನಿಗೆ ಇನ್ನೇನು ಕೆಟ್ಟ ಹೆಸರು ಬಂದೀತು, ಅವನೇ ತಪ್ಪು ಮಾಡ್ಕೊಂಡ ಅನ್ಲಿ ಅಂತ ನನ್ನ ಯಂತ್ರ ತಗಲಿಸಿಬಿಟ್ಟೆ. ಅವನು ಇದ್ದಿದ್ರೂ ಹಾಗೇ ಮಾಡು ಭಾವ ಅಂತಿದ್ದ." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಂಗೆ ನಿದ್ದೆ ಇಲ್ಲ ಮೇಡಂ. ಕಣ್ಣು ಮುಚ್ಚಿದ್ರೆ ಅವನ ಮುಖ."

ಇನ್‌ಸ್ಪೆಕ್ಟರಮ್ಮ ಆಗಲೇ ಹುರಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಅವಳ ಅಮ್ಮ ದರ್ಜಿ. ಬಿಚ್ಚಿದ ಹೊಲಿಗೆಗಳನ್ನು ಎತ್ತಿ ನೋಡುತ್ತಲೇ ಅವಳ ಬಾಲ್ಯ ಕಳೆದಿತ್ತು. ಎಳೆದು ಕಿತ್ತ ದಾರ ಹೇಗಿರುತ್ತದೆಂದು ಅವಳ ಬೆರಳುಗಳಿಗೇ ಗೊತ್ತು: ಒಂದು ಎಳೆ ಗಿಡ್ಡ, ಒಂದು ಉದ್ದ, ತುದಿ ಕೆದರಿದ ಕೂದಲು. ಇಲ್ಲಿ ಹಾಗಿರಲಿಲ್ಲ. ಹೊಲಿಗೆಯ ಮೇಲೆ ತೊಡಿಸಿದ್ದ ಕಪ್ಪು ರಬ್ಬರ್ ತೊಡಿಗೆಯನ್ನು ಉಗುರಿನಿಂದ ಹಿಂದಕ್ಕೆ ಸರಿಸಿದಳು. ಅದರ ಅಡಿಯಲ್ಲಿ ಹೊಲಿಗೆಯ ಎಳೆಗಳೆಲ್ಲ ಒಂದೇ ಸಾಲಿನಲ್ಲಿ, ಒಂದೇ ಉದ್ದಕ್ಕೆ ನಿಂತಿದ್ದವು. ತುದಿಯ ಎರಡು ಎಳೆ ಮಾತ್ರ ಕಿತ್ತು ಕೆದರಿದ್ದವು.

"ಮೇಸ್ತ್ರಿ, ಇಲ್ಲಿ ನೋಡಿ. ನಿಮ್ಮ ತಂಗಿ ಹೊಲಿಗೆ ಬಿಟ್ಟುಕೊಂಡಿಲ್ಲ. ಯಾರೋ ಕೊಯ್ದಿದ್ದಾರೆ. ರಬ್ಬರ್ ಸರಿಸಿ, ಒಂದೊಂದೇ ಎಳೆ ಬ್ಲೇಡಲ್ಲಿ ಕೊಯ್ದು, ಎರಡೇ ಎರಡು ಉಳಿಸಿ, ಮತ್ತೆ ರಬ್ಬರ್ ಮುಚ್ಚಿದ್ದಾರೆ. ಮೇಲಿಂದ ನೋಡಿದ್ರೆ ದೇವರಿಗೂ ಗೊತ್ತಾಗಲ್ಲ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಬಾಯಿಂದ ಬಂದದ್ದು ಅಳುವೂ ಅಲ್ಲ, ಮಾತೂ ಅಲ್ಲ. "ಅಯ್ಯೋ, ನಾನು ಕೊಂದವನಿಗೆ ಮರೆ ಕಟ್ಟಿದ್ನಾ? ತಂಗಿ ಉಳಿಸ್ತೀನಿ ಅಂತ ಹೋಗಿ..."

"ಅಳೋದು ಆಮೇಲೆ. ಈ ಹುರಿ ಯಾರ ಕೈಗೆ ಹೋಗಿತ್ತು? ನಿಮ್ಮವರು ಬಿಟ್ಟು ಬೇರೆ ಯಾರು ಮುಟ್ಟಿದ್ರು?"

"ಯಾರೂ ಮುಟ್ಟಲ್ಲ ಮೇಡಂ. ವರ್ಷಕ್ಕೊಂದು ಸಲ ಎಲ್ಲ ಸಾಮಾನು ಗಂಟು ಕಟ್ಟಿ ಮಾಮನ ಅಂಗಡೀಲಿ ಇಡ್ತೀವಿ. ಸವೆದಿದ್ಯಾ, ಹರಿದಿದ್ಯಾ ಅಂತ ಅವನು ಎರಡು ದಿನ ಇಟ್ಕೊಂಡು ನೋಡಿ ಕೊಡ್ತಾನೆ. ಭಾವ ಬೀಳೋ ಹಿಂದಿನ ದಿನ ತಾನೇ ಇಸ್ಕೊಂಡು ಬಂದೆ. ಅವನದು, ತಂಗೀದು, ಎರಡೂ ಹುರಿ ಒಟ್ಟಿಗೆ..."

ಮಾತು ಅಲ್ಲೇ ನಿಂತಿತು. ಇಬ್ಬರೂ ಒಟ್ಟಿಗೆ ಗಾಜಿನಾಚೆ, ಮರದ ಮೇಲಕ್ಕೆ ನೋಡಿದರು.

ಇನ್‌ಸ್ಪೆಕ್ಟರಮ್ಮನಿಗೆ ಅಂಗಡಿಯಲ್ಲಿ ಕಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಮಾಮ ಮಾರುವವನು. ಮೂರು ಬಗೆ ಸಾಮಾನು ಎದುರಿಗಿಟ್ಟು, ಗಿರಾಕಿ ಬೇಡ ಎಂದ ತಕ್ಷಣ ಒಂದನ್ನೂ ಮಾರಲು ನೋಡದೆ ಡ್ರಾಯರಿಗೆ ಬಾಚಿದ್ದ. ನಿನ್ನ ಹಳೇ ಹುರೀನೇ ಇರಲಿ ಬಿಡು ಎಂದಿದ್ದ. ಬಾವಲಿಯ ಹುರಿ ಎಲ್ಲಿ ಎಂದು ಎರಡೆರಡು ಸಲ ಕೇಳಿದ್ದ. ಅವನ ಹಗ್ಗದಲ್ಲಿ ಯಂತ್ರ ಕಂಡು ಬೆಚ್ಚಿದ್ದು, ಅಲ್ಲಿ ಕೊಯ್ದ ಹುರಿ ಇರಬೇಕೆಂದು ಅವನೊಬ್ಬನಿಗೆ ಗೊತ್ತಿದ್ದರಿಂದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಯಾಕೆ, ಯಾವ ಹಗೆಗೆ, ಅದೊಂದೂ ಅವಳಿಗೆ ತಿಳಿಯಲಿಲ್ಲ. ಯೋಚಿಸುತ್ತ ಕೂರುವ ಹೊತ್ತೂ ಅಲ್ಲ.

"ಯಂತ್ರ ಆರಿಸಿ! ಮೊದಲು ಆ ಯಂತ್ರ ಆರಿಸಿ!"

ಮೇಸ್ತ್ರಿ ಹಾರಿ ಇಳಿದು ಓಡಿದ. ಅವಳು ನೋಯುವ ಸೊಂಟ ಹಿಡಿದುಕೊಂಡು ಹಿಂದೆಯೇ ಓಡಿದಳು. ಯಂತ್ರ ಕೆಮ್ಮಿ ಕೆಮ್ಮಿ ನಿಂತಿತು. ಅಂಗಳವೆಲ್ಲ ಒಮ್ಮೆಲೇ ಸ್ತಬ್ಧವಾಯಿತು, ಗಾಳಿಗೆ ಅಲ್ಲಾಡುವ ಎಲೆಯ ಸದ್ದೂ ಕೇಳುವಷ್ಟು.

ಆ ಮೌನದಲ್ಲಿ ಮೇಲಿಂದ ಹೆಣ್ಣುದನಿ ಇಳಿದು ಬಂತು. "ಬಿಡ್ಲಾ?"

ಉದ್ದ ಹಗ್ಗ ಬಿಚ್ಚುವ ಹೊತ್ತು. ಇನ್ನು ಅವಳನ್ನು ಹಿಡಿಯುವುದು ಆ ಹುರಿಯೊಂದೇ.

"ಹೆದರಬೇಡಿ ಮೇಡಂ," ಎಂದ ಮೇಸ್ತ್ರಿ ಏದುಸಿರು ಬಿಡುತ್ತ. ಅವನ ಮುಖದಲ್ಲಿ ಜೀವ ಬಂದಿತ್ತು. "ಕೆಳಗಿಂದ ಬಿಡು ಅನ್ನೋವರೆಗೂ ಅವಳು ಕೊಂಡಿ ಮುಟ್ಟಲ್ಲ. ಇವತ್ತು ಕೆಳಗಿರೋನು ನಾನೊಬ್ಬನೇ."

ಇನ್‌ಸ್ಪೆಕ್ಟರಮ್ಮನ ಕಣ್ಣು ಗಿರಣಿಯ ಗೋಡೆಯ ಕಡೆ ಹೋಯಿತು. ಅಲ್ಲಿ ಸ್ಕೂಟರೊಂದು ಒರಗಿ ನಿಂತಿತ್ತು. ಅದರ ಬುಟ್ಟಿಯ ತುಂಬ ಹಗ್ಗ.

ಮೇಸ್ತ್ರಿ 'ಬೇಡ' ಎಂದು ಕೂಗಲು ತಲೆಯೆತ್ತಿ ಬಾಯಿ ತೆರೆದ. ಅದಕ್ಕೂ ಮೊದಲೇ, ಕಾಂಡದ ಆ ಬದಿಯಿಂದ, ಅಂಗಡಿಯಲ್ಲಿ ಇನ್‌ಸ್ಪೆಕ್ಟರಮ್ಮನಿಗೆ ಎರಡು ಹಗ್ಗದ ಪಾಠ ಹೇಳಿಕೊಟ್ಟ ಅದೇ ಮೆತ್ತನೆಯ ದನಿ ಕೂಗಿತು.

"ಬಿಡು ಮಗಳೇ!"

ಮೇಲಿಂದ, ಚೂರೂ ಅನುಮಾನವಿಲ್ಲದ ಉತ್ತರ ಬಂತು.

"ಸರಿ ಮಾಮಾ!"